ಗಡಿ ಮುಚ್ಚುವ ಅಧಿಕಾರ ಯಾರದು?

ನಮ್ಮ ಊರು ಗಂಜಾಂ. ಕಾವೇರಿಯು ಎರಡು ಕವಲಾಗಿ ಒಡೆದು ಮತ್ತೆ ಸಂಗಮದಲ್ಲಿ ಕೂಡುವುದಷ್ಟೆ. ಆ ನಡುವಣ ಶ್ರೀರಂಗಪಟ್ಟಣ ದ್ವೀಪದ ಪೂರ್ವಭಾಗವೇ ಗಂಜಾಂ. ನಿಮಿಷಾಂಬೆಯ ದರ್ಶನಕ್ಕಾಗಲಿ, ಗುಂಬಜನ್ನು ನೋಡುವುದಕ್ಕಾಗಲಿ ಬಂದಿರುವ ವಾಚಕರಿಗೆ ಅದರ ಪರಿಚಯವನ್ನು ನಾನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ದ್ವೀಪದಲ್ಲಿ ಹುಟ್ಟಿದವನಿಗೆ ಒಂದು ಸಂಗತಿ ಚಿಕ್ಕಂದಿನಿಂದಲೇ ತಿಳಿದಿರುತ್ತದೆ. ಸಂತೆಗೆ ಹೋಗಬೇಕಾದರೂ, ಕಾಲೇಜಿಗೆ ಹೋಗಬೇಕಾದರೂ, ದೊಡ್ಡಾಸ್ಪತ್ರೆಗೆ ಹೋಗಬೇಕಾದರೂ ಸೇತುವೆಯನ್ನು ದಾಟಲೇಬೇಕು. ಆ ಸೇತುವೆಯ ಮೇಲೆ ಒಬ್ಬನು ಕೈ ಅಡ್ಡಹಿಡಿದು ನಿಂತರೆ ಆತನಿಗೆ ಹಾಗೆ ನಿಲ್ಲುವ ಅಧಿಕಾರವುಂಟೋ ಇಲ್ಲವೋ ಎಂಬುದು ನಮ್ಮಂಥವರಿಗೆ ಬರಿಯ ಪುಸ್ತಕದ ಪ್ರಶ್ನೆಯಲ್ಲ.

2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಬೀಗ ಬಿದ್ದಿತು. ಆಗ ನನಗೆ ಹದಿನೈದು ವರ್ಷ; ಹತ್ತನೆಯ ತರಗತಿಯ ಪರೀಕ್ಷೆ ಮುಂದಕ್ಕೆ ಹೋಗಿ ಪುಸ್ತಕವನ್ನು ತೆರೆದರೂ ಮನಸ್ಸು ನಿಲ್ಲದಿದ್ದ ಕಾಲ. ಮೈಸೂರಿನ ಕಡೆ ರೋಗ ಹೆಚ್ಚುತ್ತಿದೆಯೆಂಬ ಸುದ್ದಿ ಬಂದೊಡನೆ ನಮ್ಮ ಬೀದಿಯ ಹಿರಿಯರು ಸೇರಿ ಬೀದಿಯ ಬಾಯಿಗೆ ಬೇಲಿ ಹಾಕಬೇಕೆಂದು ತೀರ್ಮಾನಿಸಿದರು. ಹುಡುಗರೆಲ್ಲ ಹೊಳೆದಂಡೆಗೆ ಹೋಗಿ ಜಾಲಿಮುಳ್ಳನ್ನು ಕಡಿದು ತಂದೆವು. ನಾನೂ ತಲೆಯ ಮೇಲೆ ಒಂದು ಹೊರೆ ಹೊತ್ತೆ. ಊರನ್ನು ಕಾಯುತ್ತಿದ್ದೇವೆಂಬ ಹೆಮ್ಮೆ ಆಗ ನಮಗೆ ಇದ್ದುದು ನಿಜ. ಅದನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ.

ಮೂರನೆಯ ರಾತ್ರಿ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳಿಗೆ ಹೆರಿಗೆಯ ನೋವು ಕಾಣಿಸಿಕೊಂಡಿತು. ಆಟೋ ಬೇಲಿಯ ಆಚೆ ನಿಂತಿತ್ತು. ಆಕೆ ಈಚೆ ಕುಳಿತಿದ್ದಳು. ಬ್ಯಾಟರಿಯ ಬೆಳಕಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿದ್ದ ಮುಳ್ಳನ್ನು ಬಿಡಿಸಿ ತೆಗೆಯುವಷ್ಟರಲ್ಲಿ ಕಾಲುಗಂಟೆ ಕಳೆಯಿತು. ದೈವಕೃಪೆಯಿಂದ ತಾಯಿಗೂ ಮಗುವಿಗೂ ಏನೂ ಆಗಲಿಲ್ಲ. ಬೆಳಗಾಗುತ್ತಲೆ ನಮ್ಮ ತಂದೆ ಹೋಗಿ ಬೇಲಿಯ ಒಂದು ಕಡೆ ತಡಿಕೆ ಕಟ್ಟಿ, ಅದರ ಪಕ್ಕದಲ್ಲಿ ರಾತ್ರಿ ಇಬ್ಬರು ಸರದಿಯ ಮೇಲೆ ಕುಳಿತಿರಬೇಕೆಂದು ಗೊತ್ತುಮಾಡಿದರು. ನಮ್ಮ ತಂದೆ ಏಳನೆಯ ತರಗತಿಗೆ ಶಾಲೆ ಬಿಟ್ಟವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೂ ಬೇಲಿಗೆ ತಡಿಕೆ ಬೇಕೆಂಬುದು ಅವರಿಗೆ ಹೊಳೆದಂತೆ ನಮಗಾರಿಗೂ ಹೊಳೆದಿರಲಿಲ್ಲ.

ನಮ್ಮ ಬೇಲಿಗೆ ಕಾನೂನಿನ ಬಲ ಎಳ್ಳಷ್ಟೂ ಇರಲಿಲ್ಲವೆಂಬುದನ್ನು ನಾನು ತಿಳಿದದ್ದು ರಾಜ್ಯಶಾಸ್ತ್ರದ ತರಗತಿಗೆ ಬಂದಮೇಲೆ. ಮತ್ತೊಬ್ಬನು ಹೋಗಲು ಹಕ್ಕುಳ್ಳ ದಾರಿಯಲ್ಲಿ ಅವನನ್ನು ಹೋಗಗೊಡದೆ ತಡೆಯುವುದು ಆಗ ಜಾರಿಯಲ್ಲಿದ್ದ ಭಾರತ ದಂಡಸಂಹಿತೆಯ 341ನೆಯ ಕಲಮಿನ ಪ್ರಕಾರ ಅಪರಾಧ. ಈ ಮಾತನ್ನು ಮನೆಯಲ್ಲಿ ಹೇಳಿದಾಗ ನಮ್ಮ ತಂದೆ ಕೇಳಿದ್ದು ಒಂದೇ ಪ್ರಶ್ನೆ: "ನಾವು ಮುಚ್ಚಿದರೆ ತಪ್ಪು, ಸರಿ. ಸರ್ಕಾರವೇ ಮುಚ್ಚಿದರೆ?" ಈ ಲೇಖನವು ಆ ಪ್ರಶ್ನೆಗೆ ನನ್ನ ಅಲ್ಪಮತಿಗೆ ತೋಚಿದ ಉತ್ತರ.

ಸರ್ಕಾರವೇ ಬೇಲಿ ಹಾಕಿದ ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. ಅದೇ ಮಾರ್ಚ್ ತಿಂಗಳಲ್ಲಿ ಕರ್ನಾಟಕವು ಕೇರಳದ ಕಾಸರಗೋಡು ಜಿಲ್ಲೆಯ ಕಡೆಯಿಂದ ಬರುವ ದಾರಿಗಳನ್ನು ಮುಚ್ಚಿತು. ಮಂಗಳೂರಿನ ದಕ್ಷಿಣಕ್ಕೆ ತಲಪಾಡಿಯ ಬಳಿ ರಾಷ್ಟ್ರೀಯ ಹೆದ್ದಾರಿಗೆ ತಡೆ ಬಿದ್ದಿತು. ಒಳದಾರಿಗಳ ಮೇಲೆ ಮಣ್ಣಿನ ರಾಶಿಯನ್ನೇ ಸುರಿದರು. ಕಾಸರಗೋಡಿನ ಉತ್ತರಭಾಗದವರಿಗೆ ದೊಡ್ಡ ರೋಗವೆಂದರೆ ಮಂಗಳೂರು. ಅದು ತಲೆಮಾರುಗಳಿಂದ ಬಂದ ರೂಢಿ. ಅವರ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡವು ಉಕ್ಕಿನಡ್ಕದಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆದದ್ದೇ 2020ರ ಏಪ್ರಿಲಿನಲ್ಲಿ. ಹೀಗಿರಲು ಮಂಗಳೂರಿನ ದಾರಿ ಮುಚ್ಚಿದಮೇಲೆ ಹೃದ್ರೋಗದವರೂ ಮೂತ್ರಪಿಂಡದ ಬೇನೆಯವರೂ ಎಲ್ಲಿಗೆ ಹೋಗಬೇಕು? ಗಡಿಯಲ್ಲಿ ತಡೆಯಲ್ಪಟ್ಟು ಚಿಕಿತ್ಸೆಯಿಲ್ಲದೆ ಹಲವರು ಪ್ರಾಣ ಬಿಟ್ಟರೆಂದು ಆ ದಿನಗಳ ಪತ್ರಿಕೆಗಳು ಬರೆದುವು.

ವಿಷಯವು ಕೇರಳದ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 2020ರ ಏಪ್ರಿಲ್ 1ರಂದು ನ್ಯಾಯಮೂರ್ತಿಗಳಾದ ಜಯಶಂಕರನ್ ನಂಬಿಯಾರ್ ಮತ್ತು ಶಾಜಿ ಪಿ. ಚಾಲಿ ಅವರ ಪೀಠವು, ಚಿಕಿತ್ಸೆಗೆಂದು ಹೋಗುವವರನ್ನು ಹೀಗೆ ತಡೆಯುವುದು ಸಂವಿಧಾನದ 19 ಮತ್ತು 21ನೆಯ ವಿಧಿಗಳಿಗೆ ವಿರುದ್ಧವೆಂದು ಹೇಳಿ, ಹೆದ್ದಾರಿಗಳು ಕೇಂದ್ರಕ್ಕೆ ಸೇರಿದುವಾದ್ದರಿಂದ ಆ ತಡೆಗಳನ್ನು ತೆಗೆಯಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆದೇಶ ಕೊಟ್ಟಿತು. ನಮ್ಮ ರಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಅಲ್ಲಿ ಏಪ್ರಿಲ್ 3ರಂದು, ಕೇಂದ್ರದ ಆರೋಗ್ಯ ಕಾರ್ಯದರ್ಶಿಗಳು ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳೊಡನೆ ಕುಳಿತು ಒಂದು ಕ್ರಮವನ್ನು ಗೊತ್ತುಮಾಡಬೇಕೆಂದು ಸೂಚನೆಯಾಯಿತು. ತುರ್ತು ರೋಗಿಗಳನ್ನು ಬಿಡುವ ವಿಷಯದಲ್ಲಿ ಒಪ್ಪಂದವಾಗಿದೆಯೆಂದು ಏಪ್ರಿಲ್ 7ರಂದು ತಿಳಿಸಿದಾಗ ಮೊಕದ್ದಮೆಯು ಮುಗಿಯಿತು. ತಲಪಾಡಿಯಲ್ಲಿ ವೈದ್ಯರ ತಂಡ ಕುಳಿತು, ಕೋವಿಡ್ ಇಲ್ಲದ ತುರ್ತು ರೋಗಿಗಳನ್ನು ಪರೀಕ್ಷಿಸಿ ಬಿಡತೊಡಗಿದರು. ಎಂದರೆ, ಬೇಲಿಗೆ ತಡಿಕೆಯನ್ನು ಕಟ್ಟಿದಂತಾಯಿತು. ಆದರೆ ಬೇಲಿ ಹಾಕುವ ಅಧಿಕಾರ ಯಾರದು, ಎಷ್ಟರಮಟ್ಟಿನದು ಎಂಬ ಮೂಲ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯದಿಂದ ಅಂದು ಉತ್ತರ ಬರಲಿಲ್ಲ.

ಇನ್ನು ಕಾನೂನನ್ನು ನೋಡೋಣ. ಭಾರತದ ಉದ್ದಗಲಕ್ಕೂ ಸ್ವತಂತ್ರವಾಗಿ ಸಂಚರಿಸುವ ಹಕ್ಕನ್ನು 19ನೆಯ ವಿಧಿಯು ಪ್ರತಿಯೊಬ್ಬ ಪೌರನಿಗೂ ಕೊಟ್ಟಿದೆ. ಅದೇ ವಿಧಿಯ ಐದನೆಯ ಖಂಡವು, ಸಾರ್ವಜನಿಕರ ಹಿತಕ್ಕಾಗಿ ಕಾನೂನಿನ ಮೂಲಕ ಯುಕ್ತವಾದ ನಿರ್ಬಂಧಗಳನ್ನು ಹಾಕಬಹುದೆಂದೂ ಹೇಳುತ್ತದೆ. ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು: ನಿರ್ಬಂಧವು ಕಾನೂನಿನ ಮೂಲಕ ಬರಬೇಕು, ಅದು ಯುಕ್ತವಾಗಿರಬೇಕು. ಯುಕ್ತವೆಂದರೇನೆಂಬುದನ್ನು 1952ರಷ್ಟು ಹಿಂದೆಯೇ, ಮದರಾಸು ಸರ್ಕಾರಕ್ಕೂ ವಿ.ಜಿ. ರಾವ್ ಎಂಬುವರಿಗೂ ನಡೆದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿವರಿಸಿದೆ. ಹಕ್ಕಿನ ಸ್ವರೂಪ, ನಿರ್ಬಂಧದ ಉದ್ದೇಶ, ನಿವಾರಿಸಬೇಕಾದ ಕೇಡಿನ ಪ್ರಮಾಣ, ಅಂದಿನ ಪರಿಸ್ಥಿತಿ ಇವೆಲ್ಲವನ್ನೂ ತೂಗಿ, ಹಾಕಿದ ನಿರ್ಬಂಧವು ಕೇಡಿಗೆ ಮೀರಿದ್ದಾಗಿದೆಯೇ ಎಂದು ನೋಡಬೇಕೆಂಬುದು ಅದರ ಸಾರಾಂಶ. ಇದರ ಜೊತೆಗೆ, ತುರ್ತು ಚಿಕಿತ್ಸೆಯನ್ನು ನಿರಾಕರಿಸುವುದು 21ನೆಯ ವಿಧಿಯ ಜೀವಿಸುವ ಹಕ್ಕಿಗೇ ಭಂಗವೆಂದು ಅದೇ ನ್ಯಾಯಾಲಯವು 1996ರಲ್ಲಿ ಪಶ್ಚಿಮ ಬಂಗಾಳದ ಕೃಷಿಕಾರ್ಮಿಕರೊಬ್ಬರ ಪ್ರಕರಣದಲ್ಲಿ ಸಾರಿತು.

ಎರಡನೆಯ ಪ್ರಶ್ನೆ, ಅಧಿಕಾರವು ಯಾರ ಕೈಯಲ್ಲಿದೆ ಎಂಬುದು. ಸಂವಿಧಾನದ ಏಳನೆಯ ಅನುಸೂಚಿಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತುಬಿಡುವವರು ನಮ್ಮಲ್ಲನೇಕರು, ನಾನೂ ಅವರಲ್ಲೊಬ್ಬನಾಗಿದ್ದೆ. ಸಾರ್ವಜನಿಕ ಆರೋಗ್ಯವು ರಾಜ್ಯಪಟ್ಟಿಯ 6ನೆಯ ನಮೂದು. ಸಾಂಕ್ರಾಮಿಕ ರೋಗವು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೆಯ ನಮೂದು. ಆದರೆ ರಾಜ್ಯ ರಾಜ್ಯಗಳ ನಡುವಣ ವಲಸೆ ಮತ್ತು ರಾಜ್ಯ ರಾಜ್ಯಗಳ ನಡುವಣ ಕ್ವಾರಂಟೈನ್ ಎಂಬುದು ಕೇಂದ್ರಪಟ್ಟಿಯ 81ನೆಯ ನಮೂದು. ಸಂವಿಧಾನವನ್ನು ಬರೆದವರು ಕೈತಪ್ಪಿ ಇದನ್ನು ಕೇಂದ್ರದ ಪಟ್ಟಿಗೆ ಸೇರಿಸಿದರೆಂದು ಹೇಳಲಾಗದು. ತನ್ನ ಮನೆಯನ್ನು ಕಾಯುವುದು ಪ್ರತಿಯೊಂದು ರಾಜ್ಯದ ಕರ್ತವ್ಯ. ಆದರೆ ಇಬ್ಬರ ನಡುವಣ ಬದುವಿನ ವಿಷಯದಲ್ಲಿ ಒಬ್ಬನೇ ತೀರ್ಪುಗಾರನಾದರೆ ಜಗಳ ತಪ್ಪಿದ್ದಲ್ಲ. ಆದುದರಿಂದಲೇ ಬದುವಿನ ಮಾತನ್ನು ಮೂರನೆಯವರಿಗೆ ಬಿಟ್ಟಿದ್ದಾರೆ.

ಹಾಗಾದರೆ ಕರ್ನಾಟಕದ ಪಕ್ಷದಲ್ಲಿ ನ್ಯಾಯವೇ ಇರಲಿಲ್ಲವೆ? ಇತ್ತು. ಆ ದಿನಗಳಲ್ಲಿ ಕಾಸರಗೋಡು ಇಡೀ ದೇಶದಲ್ಲಿಯೇ ರೋಗ ಹೆಚ್ಚಾಗಿದ್ದ ಜಿಲ್ಲೆಗಳಲ್ಲೊಂದು. ಮದ್ದೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಮಂಗಳೂರಿನ ಜನರ ಪ್ರಾಣಕ್ಕೆ ಹೊಣೆಯಾದ ಸರ್ಕಾರವು ಕೈಕಟ್ಟಿ ಕುಳಿತಿರಬೇಕಿತ್ತೆಂದು ಯಾರೂ ಹೇಳಲಾರರು. 2005ರ ವಿಪತ್ತು ನಿರ್ವಹಣಾ ಕಾಯಿದೆಯ 34ನೆಯ ಕಲಮು, ಪೀಡಿತ ಪ್ರದೇಶಕ್ಕೆ ಹೋಗಿಬರುವ ವಾಹನಗಳನ್ನು ನಿಯಂತ್ರಿಸುವ ಮತ್ತು ನಿರ್ಬಂಧಿಸುವ ಅಧಿಕಾರವನ್ನು ಜಿಲ್ಲೆಯವರಿಗೇ ಕೊಟ್ಟಿದೆ. ಹೊರದೇಶದ ಉದಾಹರಣೆಯನ್ನೂ ಅವರು ಕೊಡಬಹುದು. ಆಸ್ಟ್ರೇಲಿಯಾದ ಸಂವಿಧಾನದ 92ನೆಯ ಕಲಮು ರಾಜ್ಯಗಳ ನಡುವಣ ಹೋಗುಬರುವಿಕೆ ಸಂಪೂರ್ಣ ಸ್ವತಂತ್ರವೆನ್ನುತ್ತದೆ. ಆದರೂ 2020ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯವು ತನ್ನ ಗಡಿಯನ್ನು ಮುಚ್ಚಿದ್ದು ಸರಿಯೆಂದು ಅಲ್ಲಿಯ ಅತ್ಯುನ್ನತ ನ್ಯಾಯಾಲಯವು ಅದೇ ವರ್ಷದ ನವೆಂಬರ್ 6ರಂದು ತೀರ್ಪು ಕೊಟ್ಟಿತು.

ಈ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಅದು ನಮ್ಮನ್ನು ಕೊನೆಯವರೆಗೆ ಕೊಂಡೊಯ್ಯಲಾರದು. ನಿಯಂತ್ರಿಸುವುದು ಬೇರೆ, ಮಣ್ಣು ಸುರಿಯುವುದು ಬೇರೆ. ಅಂದು ಆಧಾರವಾಗಿದ್ದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ ತೆಗೆದುಕೊಳ್ಳಿ. ಪ್ಲೇಗಿನ ಕಾಲದಲ್ಲಿ ಪರಕೀಯ ಸರ್ಕಾರವು ಮಾಡಿದ ಬಹು ಕಠಿಣವಾದ ಕಾಯಿದೆಯದು. ಅದು ಕೂಡ ಹೆಸರಿಟ್ಟು ಹೇಳುವುದು ಪ್ರಯಾಣಿಕರನ್ನು ಪರೀಕ್ಷಿಸುವುದನ್ನು ಮತ್ತು ರೋಗದ ಶಂಕೆಯಿರುವವರನ್ನು ಪ್ರತ್ಯೇಕವಾಗಿ ಇರಿಸುವುದನ್ನು; ಇಡೀ ಜಿಲ್ಲೆಯ ಜನರನ್ನು ಒಟ್ಟಾಗಿ ಹೊರಗಿಡುವುದನ್ನಲ್ಲ. ಕೇಂದ್ರವು ಮಾರ್ಚ್ 24ರಂದು ಹೊರಡಿಸಿದ ಆಜ್ಞೆಯಲ್ಲಿಯೂ ಆಸ್ಪತ್ರೆಗಳಿಗೆ ವಿನಾಯಿತಿ ಇತ್ತು. ಆಸ್ಪತ್ರೆಯು ತೆರೆದಿದ್ದು ಅದರ ದಾರಿಯು ಮುಚ್ಚಿದ್ದರೆ ಆ ವಿನಾಯಿತಿಗೆ ಅರ್ಥವೇನು? ಇನ್ನು ಆಸ್ಟ್ರೇಲಿಯಾದ ಮಾತು. ಅಲ್ಲಿ ಮೊದಲು ಒಬ್ಬ ನ್ಯಾಯಾಧೀಶರು ವೈದ್ಯಶಾಸ್ತ್ರಜ್ಞರ ಸಾಕ್ಷ್ಯವನ್ನು ಕೇಳಿ, ಗಡಿ ಮುಚ್ಚುವುದರಿಂದ ಆಗುವ ಪ್ರಯೋಜನವೇನು, ಬೇರೆ ಉಪಾಯಗಳು ಸಾಲವೆ ಎಂಬುದನ್ನು ಬಿಡಿಸಿ ನೋಡಿದರು. ಆಮೇಲೆ ಅತ್ಯುನ್ನತ ನ್ಯಾಯಾಲಯವು ತನ್ನ ನಿರ್ಣಯವನ್ನು ಹೇಳಿತು. ಆ ನಿರ್ಣಯವನ್ನು ಒಪ್ಪಲಿ ಬಿಡಲಿ, ಅಲ್ಲಿಯ ಪೌರನಿಗೆ ತನ್ನ ಹಕ್ಕು ಎಲ್ಲಿಯವರೆಗೆ ಎಂಬುದು ತಿಳಿಯಿತು. ನಮಗೆ ದೊರೆತದ್ದು ರಾಜಿ, ನಿರ್ಣಯವಲ್ಲ.

ನಿರ್ಣಯವಾಗದ ಪ್ರಶ್ನೆಯು ಮತ್ತೆ ಮತ್ತೆ ತಲೆಯೆತ್ತುವುದು ಸಹಜ. 2020ರ ಆಗಸ್ಟ್ 22ರಂದು ಕೇಂದ್ರದ ಗೃಹ ಕಾರ್ಯದರ್ಶಿಗಳು ಎಲ್ಲಾ ರಾಜ್ಯಗಳಿಗೂ ಪತ್ರ ಬರೆದು, ರಾಜ್ಯಗಳ ನಡುವೆ ಜನರ ಮತ್ತು ಸರಕಿನ ಸಂಚಾರಕ್ಕೆ ತಡೆ ಹಾಕಕೂಡದೆಂದು ನೆನಪಿಸಬೇಕಾಯಿತು. ಆದರೂ 2021ರ ಫೆಬ್ರವರಿಯಲ್ಲಿ ಕೇರಳದಿಂದ ಬರುವವರು 72 ಗಂಟೆಗಳೊಳಗಿನ ಪರೀಕ್ಷಾ ಪ್ರಮಾಣಪತ್ರವನ್ನು ತರಬೇಕೆಂಬ ನಿಯಮ ಬಂದು, ದಿನವೂ ಮಂಗಳೂರಿಗೆ ಹೋಗಿಬರುವ ಗಡಿನಾಡಿನ ವಿದ್ಯಾರ್ಥಿಗಳೂ ಕೆಲಸಗಾರರೂ ಕಂಗೆಟ್ಟರು. ಅದೂ ನಮ್ಮ ಉಚ್ಚ ನ್ಯಾಯಾಲಯದ ಮುಂದೆ ಹೋಯಿತು. ತಪ್ಪು ನಮ್ಮದೊಂದೇ ಅಲ್ಲ. ನ್ಯಾಯಾಲಯದಲ್ಲಿ ನಮ್ಮ ಮೇಲೆ ದೂರಿದ ಕೇರಳವೇ 2020ರ ಮಾರ್ಚ್ ಕೊನೆಯ ವಾರದಲ್ಲಿ ತಂದ ತನ್ನ ಸುಗ್ರೀವಾಜ್ಞೆಯಲ್ಲಿ, ಬೇಕಾದಷ್ಟು ಕಾಲ ರಾಜ್ಯದ ಗಡಿಯನ್ನು ಮುಚ್ಚುವ ಅಧಿಕಾರವನ್ನು ತನಗೆ ತಾನೇ ಬರೆದುಕೊಂಡಿತ್ತು.

ಕಾನೂನಿನ ಮಾತು ಹಾಗಿರಲಿ. ಕನ್ನಡಿಗರಾದ ನಾವು ಮನಸ್ಸಿಗೆ ತಂದುಕೊಳ್ಳಬೇಕಾದ ಇನ್ನೊಂದು ಸಂಗತಿಯಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಮ್ಮ ಹಿರಿಯರು ಮರುಗಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿತು. ಮಂಜೇಶ್ವರದ ಗೋವಿಂದ ಪೈಗಳೂ, ಕಯ್ಯಾರ ಕಿಞ್ಞಣ್ಣ ರೈಗಳೂ ನಮ್ಮವರೆಂದು ನಾವು ವೇದಿಕೆಗಳ ಮೇಲೆ ಹೆಮ್ಮೆಪಡುತ್ತೇವೆ. ಆ ಮಂಜೇಶ್ವರದ ದಾರಿಗೇ ನಾವು ಮಣ್ಣು ಸುರಿದೆವು. ನಾಡು ನಮಗೆ ಸೇರಬೇಕು, ಅಲ್ಲಿಯ ರೋಗಿ ಮಾತ್ರ ನಮ್ಮಲ್ಲಿಗೆ ಬರಬಾರದು ಎಂದರೆ ಅಂಥ ಅಭಿಮಾನವನ್ನು ಯಾರು ನಂಬುತ್ತಾರೆ?

ಇಷ್ಟಕ್ಕೂ ಗಡಿಯ ಬೇಲಿ ಪರರಿಗೆ ಮಾತ್ರ ಚುಚ್ಚುವುದಿಲ್ಲ. ಇದನ್ನು ನಮ್ಮ ಜಿಲ್ಲೆಯವರು ಬೇಗನೆ ಕಂಡುಕೊಂಡರು. ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ ತಾಲ್ಲೂಕುಗಳ ಎಷ್ಟೋ ಜನ ಹೊಟ್ಟೆಪಾಡಿಗಾಗಿ ಮುಂಬಯಿಯಲ್ಲಿದ್ದಾರೆಂಬುದು ಸರ್ವವಿದಿತ. ಅಲ್ಲಿ ಕೆಲಸ ನಿಂತು, ಬಾಡಿಗೆಗೆ ಹಣವಿಲ್ಲದೆ ಅವರು 2020ರ ಮೇ ತಿಂಗಳಲ್ಲಿ ಊರಿಗೆ ಮರಳತೊಡಗಿದರು. ಮಂಡ್ಯ ಜಿಲ್ಲೆಯ ರೋಗಿಗಳ ಸಂಖ್ಯೆ ಏರಿತು. ಮೇ 18ರಂದು, ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ರಾಜ್ಯದೊಳಕ್ಕೆ ಪ್ರವೇಶವಿಲ್ಲವೆಂದು ನಮ್ಮ ಸರ್ಕಾರವು ಸಾರಿತು. ಆಗ ತಲಪಾಡಿಯ ಆಚೆಯವರ ಗತಿಯು ನಮ್ಮವರಿಗೂ ಬಂದಿತು.

ನನ್ನ ಸೋದರಮಾವ ಮುಂಬಯಿಯ ಹೋಟೆಲೊಂದರ ಅಡಿಗೆಮನೆಯಲ್ಲಿದ್ದವರು. ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ತಾತ ಆ ದಿನಗಳಲ್ಲೇ ತೀರಿಕೊಂಡರು, ರೋಗದಿಂದಲ್ಲ, ವಯಸ್ಸಾಗಿ. ಮಾವ ಗಂಟುಮೂಟೆ ಕಟ್ಟಿಕೊಂಡಿದ್ದರು. ಗಡಿಯ ಸುದ್ದಿ ಕೇಳಿ ಹೊರಡಲಿಲ್ಲ. ಇದ್ದೊಬ್ಬ ಮಗ ಅಲ್ಲೇ ಉಳಿದ. ಕೊಳ್ಳಿಯನ್ನು ದಾಯಾದಿಯೊಬ್ಬರು ಇಟ್ಟರು. ನಮ್ಮ ತಾಯಿ ಫೋನನ್ನು ಎತ್ತಿ ಹಿಡಿದಿದ್ದರು. ಮಾವ ಅತ್ತಲಿಂದ ನೋಡುತ್ತಿದ್ದರು. ಆ ದಿನ ಹಳ್ಳಿಯವರು ಸಮಾಧಾನ ಹೇಳಿದರು; ಮಾರನೆಯ ದಿನ ಅವರಲ್ಲೇ ಕೆಲವರು, "ಬರದೆ ಇದ್ದದ್ದೇ ಒಳ್ಳೆಯದಾಯಿತು" ಎಂದರು. ಅವರನ್ನು ನಾನು ದೂರುವುದಿಲ್ಲ. ಜಾಲಿಮುಳ್ಳಿನ ಹೊರೆ ಹೊತ್ತವನಿಗೆ ಅವರ ಭಯ ಅರ್ಥವಾಗುತ್ತದೆ. ಆದರೆ ತಾಯಿನಾಡಿಗೆ ಮರಳುವ ಮಗನನ್ನು ಪರೀಕ್ಷಿಸಿ, ಬೇಕಾದರೆ ಹದಿನಾಲ್ಕು ದಿನ ಶಾಲೆಯ ಕಟ್ಟಡದಲ್ಲಿರಿಸಿ, ಆಮೇಲೆ ಮನೆಗೆ ಕಳುಹಿಸುವ ಉಪಾಯ ಇರುವಾಗ, ಬರಲೇಕೂಡದೆನ್ನುವುದು ಯುಕ್ತವಾದ ನಿರ್ಬಂಧವಾದೀತೆ?

ಹಾಗಾದರೆ ಮಾಡಬೇಕಾದುದೇನು? ಇನ್ನೊಂದು ರೋಗ ಬರುವುದಿಲ್ಲವೆಂದು ಯಾರೂ ಭರವಸೆ ಕೊಡಲಾರರು. ರೋಗ ಬಂದಮೇಲೆ ನಿಯಮ ಬರೆಯುವುದಕ್ಕಿಂತ, ಶಾಂತವಾದ ಈ ಕಾಲದಲ್ಲಿ ಪಾರ್ಲಿಮೆಂಟು ತನ್ನ 81ನೆಯ ನಮೂದಿನ ಅಧಿಕಾರವನ್ನು ಉಪಯೋಗಿಸಿ ರಾಜ್ಯಗಳ ನಡುವಣ ಕ್ವಾರಂಟೈನಿಗೆ ಸ್ಪಷ್ಟವಾದ ಕಾನೂನು ಮಾಡುವುದು ಲೇಸು. ಅದರಲ್ಲಿ ಕನಿಷ್ಠಪಕ್ಷ ನಾಲ್ಕು ಸಂಗತಿಗಳಿರಬೇಕೆಂದು ನನಗೆ ತೋರುತ್ತದೆ. ತುರ್ತು ರೋಗಿಗೂ ಬಸುರಿ ಹೆಂಗಸಿಗೂ ಗಡಿಯು ಯಾವ ಕಾಲಕ್ಕೂ ಪೂರ್ತಿಯಾಗಿ ಮುಚ್ಚಿರಕೂಡದು. ತನ್ನ ಊರಿಗೆ ಮರಳುವ ಪೌರನನ್ನು ಪರೀಕ್ಷಿಸಬಹುದು, ಪ್ರತ್ಯೇಕವಾಗಿರಿಸಬಹುದು, ಆದರೆ ಹಿಂದಕ್ಕೆ ಅಟ್ಟಕೂಡದು. ಮುಚ್ಚುವ ಆಜ್ಞೆಗೆ ಕಾರಣವನ್ನೂ ಕೊನೆಯ ದಿನಾಂಕವನ್ನೂ ಜನರಿಗೆ ತಿಳಿಯುವ ಭಾಷೆಯಲ್ಲಿ ಪ್ರಕಟಿಸಬೇಕು. ಮತ್ತು ಎರಡು ರಾಜ್ಯಗಳಿಗೆ ಭಿನ್ನಾಭಿಪ್ರಾಯ ಬಂದರೆ ಅದನ್ನು ವಾರಗಳಲ್ಲಲ್ಲ, ಗಂಟೆಗಳಲ್ಲಿ ತೀರ್ಮಾನಿಸುವ ಒಂದು ವ್ಯವಸ್ಥೆಯಿರಬೇಕು; ಏಕೆಂದರೆ ಗಡಿಯಲ್ಲಿ ನಿಂತ ರೋಗಿಗೆ ವಾರಗಳಿರುವುದಿಲ್ಲ.

ಇದನ್ನು ಬರೆಯುವುದಕ್ಕೆ ನಾನು ಕಾನೂನಿನ ಪಂಡಿತನಲ್ಲ, ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ. ತಪ್ಪಿದ್ದಲ್ಲಿ ಗುರುಗಳು ತಿದ್ದಬೇಕು. ಒಪ್ಪದ ಮಿತ್ರರು ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಬೇಕು. ನಮ್ಮ ತಂದೆಯ ಪ್ರಶ್ನೆಗೆ ಮಾತ್ರ ನಾನು ಹೀಗೆ ಹೇಳಿದ್ದೇನೆ: ಸರ್ಕಾರವು ಮುಚ್ಚಿದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ, ಮುಚ್ಚಲು ಯಾರಿಗೆ ಅಧಿಕಾರ, ಎಷ್ಟು ದಿನ, ಯಾರನ್ನು ಬಿಡಬೇಕು ಎಂಬ ಮೂರಕ್ಕೂ ಉತ್ತರವಿದ್ದರೆ ಮಾತ್ರ ಆಗುತ್ತದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನಾವು ತಡಿಕೆ ಕಟ್ಟಿದ್ದು ಸರಿ, ಬೇಲಿ ಹಾಕಿದ್ದು ತಪ್ಪು" ಎಂದರು. ಹೌದೆಂದೆ. ಅಂದು ಹುಟ್ಟಿದ ಮಗು ಈಗ ನಮ್ಮ ಬೀದಿಯಲ್ಲೇ ಶಾಲೆಗೆ ಹೋಗಿಬರುತ್ತಿದೆ.